ಅಂಚೆಯಕ್ಕನ ಬೂದು ಕಾರ್ಡು

ಅಂತ್ಯಸಂಸ್ಕಾರಕ್ಕೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು ಅದು. ಹಾಲಿನವನು ಎಂದಿನಂತೆ ಬಾಗಿಲು ಬಡಿದ. ನಲ್ಲಿಯಲ್ಲಿ ನೀರು ಬಂತು. ಎದುರು ಮನೆಯ ಮಗು ಶಾಲೆಗೆ ಹೋಗುವುದಿಲ್ಲವೆಂದು ರಚ್ಚೆ ಹಿಡಿಯಿತು. ಲೋಕಕ್ಕೆ ಏನೂ ಆಗಿರಲಿಲ್ಲ.

ಸೊಸೆ ಮೆಟ್ಟಿಲಿಳಿದು ಸ್ಟುಡಿಯೋಗೆ ಬಂದಳು. ಮನೆ ಮೇಲೆ, ಫೋಟೋ ಸ್ಟುಡಿಯೋ ಕೆಳಗೆ. ಗಂಡನ ಕ್ಯಾಮೆರಾದ ಬ್ಯಾಟರಿ ಅವನು ಚಾರ್ಜಿಗೆ ಸಿಕ್ಕಿಸಿದ ಕಡೆಯೇ ಇತ್ತು. ತುಂಬಿದೆ ಎಂದು ಹಸಿರು ದೀಪ ಉರಿಯುತ್ತಿತ್ತು. ಅದನ್ನು ತೆಗೆಯಲು ಕೈ ಚಾಚಿದಳು, ತೆಗೆಯಲಿಲ್ಲ. ಮದುವೆಮನೆಯ ಕೆಲಸ ಮುಗಿಸಿ ಬಂದವನು ಎದೆ ಹಿಡಿದುಕೊಂಡು ಕುಳಿತದ್ದು ಇದೇ ಸ್ಟೂಲಿನ ಮೇಲೆ. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವಳು ವಿಶ್ವವಿದ್ಯಾಲಯದಲ್ಲಿ ಓದಿದವಳು. ಯಾವುದನ್ನೂ ಎರಡು ಸಲ ಓದದೆ ಸಹಿ ಹಾಕುವವಳಲ್ಲ. ಆದರೆ ಅಂದಿನಿಂದ ಯಾರು ಏನು ಹೇಳಿದರೂ "ಹೂಂ" ಅನ್ನುತ್ತಿದ್ದಳು. ಉಣ್ಣು ಅಂದರೆ ಹೂಂ. ಮಲಗು ಅಂದರೆ ಹೂಂ. ಒಳಗೆ ಏನೋ ಕಲ್ಲಾಗಿತ್ತು.

ಮೈದುನ ಆಗಲೇ ಕಂಪ್ಯೂಟರಿನ ಮುಂದೆ ಕುಳಿತಿದ್ದ. ಅಣ್ಣ ಚಿತ್ರ ತೆಗೆಯುವವನು, ತಮ್ಮ ತಿದ್ದುವವನು. ಮೊಡವೆ, ಸುಕ್ಕು, ಕಣ್ಣ ಕೆಳಗಿನ ಕಪ್ಪು, ಹಿಂದೆ ಅಡ್ಡಬಂದ ಕರೆಂಟಿನ ತಂತಿ, ಎಲ್ಲವನ್ನೂ ಅಳಿಸುವುದು ಅವನ ಕೆಲಸ. ಕೈ ಎಷ್ಟು ಚುರುಕೆಂದರೆ ಒಮ್ಮೆ ಒಬ್ಬ ಮದುಮಗಳ ಗಲ್ಲದ ಮಚ್ಚೆಯನ್ನೂ ಕಸ ಅಂದುಕೊಂಡು ಅಳಿಸಿಬಿಟ್ಟಿದ್ದ. ಅವಳು ಬಂದು "ನನ್ನ ಮಚ್ಚೆ ವಾಪಸ್ ಕೊಡಿ" ಎಂದು ಕೌಂಟರಿನ ಮುಂದೆ ಪಟ್ಟು ಹಿಡಿದು ಕುಳಿತದ್ದು ಆ ಬೀದಿಯಲ್ಲಿ ಈಗಲೂ ನಗುವ ಮಾತು.

"ಅತ್ತಿಗೆ, ಅಮ್ಮ ಗೋಡೆಗೆ ಹಾಕೋಕೆ ಅಣ್ಣನ ಫೋಟೋ ಕೇಳ್ತಿದ್ದಾಳೆ," ಎಂದ ಅವನು, ತಿರುಗಿ ನೋಡದೆ. "ಹುಡುಕ್ತಿದ್ದೀನಿ. ಒಂದೂ ನೆಟ್ಟಗಿಲ್ಲ."

ಊರಿನವರ ಮುಖವೆಲ್ಲ ತೆಗೆದವನ ಮುಖ ಎಲ್ಲಿ ಸಿಗಬೇಕು? ಇದ್ದದ್ದು ಒಂದೇ ಬಗೆಯ ಚಿತ್ರಗಳು. ಯಾವ ಕೆಲಸಕ್ಕೆ ಹೋದರೂ ಮೊದಲು ಗಿರಾಕಿ ನಿಲ್ಲುವ ಜಾಗದಲ್ಲಿ ತಾನೇ ನಿಲ್ಲುತ್ತಿದ್ದ. ಎದೆಯ ಮಟ್ಟಕ್ಕೆ ಒಂದು ಬೂದು ಬಣ್ಣದ ಕಾರ್ಡು ಹಿಡಿಯುತ್ತಿದ್ದ. ತಮ್ಮನ ಕೈಲಿ ಒಂದು ಚಿತ್ರ ತೆಗೆಸುತ್ತಿದ್ದ. ಬೆಳಕು ಬಣ್ಣವನ್ನು ಹಳದಿಗೆ ಎಳೆಯುತ್ತಿದೆಯೋ ನೀಲಿಗೆ ಎಳೆಯುತ್ತಿದೆಯೋ ಎಂದು ಆ ಕಾರ್ಡು ನೋಡಿ ತಿಳಿಯಬೇಕು. ಪ್ರತಿ ಮದುವೆ, ಪ್ರತಿ ನಾಮಕರಣ, ಪ್ರತಿ ಶಾಲೆಯ ಗುಂಪುಚಿತ್ರದ ಮೊದಲಲ್ಲಿ ಅವನಿದ್ದಾನೆ. ಕಾರ್ಡು ಹಿಡಿದು, ಗಂಟುಮೋರೆ ಹಾಕಿಕೊಂಡು, ಒಮ್ಮೊಮ್ಮೆ ತಮ್ಮನಿಗೆ ನಾಲಿಗೆ ಚಾಚಿ. ಅವೆಲ್ಲ ಇದ್ದದ್ದು ಈ ಒಂದೇ ಕಂಪ್ಯೂಟರಿನಲ್ಲಿ. ಬೇರೆ ಕಡೆ ಒಂದು ಪ್ರತಿ ಇಡಬೇಕೆಂದು ಅವನು ಹೇಳುತ್ತಲೇ ಇದ್ದ. ಇಟ್ಟಿರಲಿಲ್ಲ.

ಅಷ್ಟರಲ್ಲಿ ಟಿಣ್ ಎಂದು ಇಮೇಲ್ ಬಂತು.

"ಬಂತು ನೋಡಿ ಅತ್ತಿಗೆ! ಅಣ್ಣನ ಮರಣ ಪ್ರಮಾಣಪತ್ರ."

ಅದಕ್ಕಾಗಿಯೇ ಕಾಯುತ್ತಿದ್ದರು. ಸ್ಟುಡಿಯೋದ ಪರವಾನಗಿ ಗಂಡನ ಹೆಸರಿನಲ್ಲಿತ್ತು. ಅವಳ ಹೆಸರಿಗೆ ಆಗುವವರೆಗೆ ಬಾಗಿಲು ತೆರೆಯುವ ಹಾಗಿಲ್ಲ. ಪ್ರಮಾಣಪತ್ರ ಇಮೇಲಿನಲ್ಲಿ ಬರುತ್ತದೆ ಎಂದು ನೋಂದಣಿ ಕಚೇರಿಯಲ್ಲಿ ಹೇಳಿದ್ದರು.

ಅತ್ತೆಯೂ ಕೆಳಗಿಳಿದು ಬಂದರು. "ಹೆಸರು ಸರಿಯಾಗಿ ಬರ್ದಿದ್ದಾರೇನೋ? ನೋಡು."

"ತಾಳಮ್ಮ, ಇನ್ನೂ ತೆರೆದಿಲ್ಲ. ಜಿಪ್ ಫೈಲಾಗಿ ಕಟ್ಟು ಕಟ್ಟಿ ಬೀಗ ಹಾಕಿ ಕಳಿಸಿದ್ದಾರೆ. ಪಾಸ್‌ವರ್ಡ್ ಇಲ್ಲೇ ಕೆಳಗೆ ಕೊಟ್ಟಿದ್ದಾರೆ. ಎಷ್ಟು ಜೋಪಾನ ನೋಡು! ಸಂತಾಪ ಬೇರೆ ಹೇಳಿದ್ದಾರೆ. ಕೆಳಗೆ ದುಂಡು ಸೀಲು, ಅಧಿಕಾರಿ ಸಹಿ. 'ಕಂಪ್ಯೂಟರ್ ಎಚ್ಚರಿಕೆ ಕೊಟ್ಟರೆ ಗಮನಿಸಬೇಡಿ, ಇಂದೇ ತೆರೆಯಿರಿ' ಅಂತಾನೂ ಇದೆ. ತೆರೆಯಲಾ ಅತ್ತಿಗೆ?"

"ಹೂಂ," ಅಂದಳು ಸೊಸೆ.

ಅವನು ಪಾಸ್‌ವರ್ಡಿನ ಅಕ್ಷರಗಳನ್ನು ಒತ್ತತೊಡಗಿದ.

"ಕೈ ತೆಗಿ!"

ಮೈದುನನ ಮಾತು ಹೊರಗಿಂದಲೇ ಕೇಳಿಸಿಕೊಂಡು, ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಒಳಗೆ ಬಂದ ಹೆಂಗಸಿನ ದನಿ ಅದು. ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದು ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ಕಾಲೇಜಿನ ಮೇಲ್ ಸರ್ವರ್ ನೋಡಿಕೊಳ್ಳುವ ಇಂಜಿನಿಯರ್. ರಜೆ ಸಿಕ್ಕರೆ ಹಕ್ಕಿಗಳ ಚಿತ್ರ ತೆಗೆಯಲು ಕೆರೆಯ ಕಡೆ ಓಡುತ್ತಾಳೆ. ಹಾಗೆಯೇ ಸೊಸೆಯ ಗಂಡನಿಗೆ ಸ್ನೇಹವಾದವಳು. "ಊರಿನವರ ಅಂಚೆಯೆಲ್ಲ ನಿನ್ನ ಕೈಯಲ್ಲಿದೆ, ನೀನು ಅಂಚೆಯಕ್ಕ" ಎಂದು ಅವನು ಇಟ್ಟ ಹೆಸರು ಎಲ್ಲರ ಬಾಯಲ್ಲೂ ನಿಂತಿತ್ತು.

ಮೈದುನ ಬೆಚ್ಚಿ ಕೈ ಎತ್ತಿದ. "ಏನಕ್ಕಾ, ಹಾವು ಕಂಡ ಹಾಗೆ ಕೂಗ್ತೀಯ?"

"ಹಾವೇ ಇರ್ಬಹುದು. ಒಳಗಿಂದ ಏನೂ ತೆರೆದಿಲ್ಲ ತಾನೇ?"

"ಇಲ್ಲ. ಅಣ್ಣನ ಪ್ರಮಾಣಪತ್ರ ಅದು."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಮೇಲ್ ಹೇಳ್ತಿದೆಯಲ್ಲ. ಕಚೇರಿ ಹೆಸರಿದೆ, ಸೀಲಿದೆ, ಸಹಿಯಿದೆ."

ಅಂಚೆಯಕ್ಕ ಫ್ಲಾಸ್ಕನ್ನು ಅತ್ತೆಯ ಕೈಗೆ ಕೊಟ್ಟು, ಸ್ಟೂಲು ಎಳೆದುಕೊಂಡಳು. ಕೂರುವ ಮೊದಲು ಅದು ಯಾವ ಸ್ಟೂಲೆಂದು ನೆನಪಾಗಿ, ಮೆಲ್ಲನೆ ಪಕ್ಕಕ್ಕೆ ಸರಿಸಿ ನಿಂತೇ ಇದ್ದಳು. ಸೊಸೆ ಅದನ್ನು ನೋಡಿದಳು.

"ಕಚೇರಿ ಹೆಸರಿನ ಪಕ್ಕ ವಿಳಾಸ ಇದೆಯಲ್ಲ, ಅದನ್ನ ಓದು."

ಮೈದುನ ಓದಿದ. ಓದುತ್ತಾ ದನಿ ಸಣ್ಣದಾಯಿತು. ಅದು ಕಚೇರಿಯ ವಿಳಾಸವಾಗಿರಲಿಲ್ಲ. ಯಾರೋ ಹೊರದೇಶದವನ ಹೆಸರು, ಹಿಂದೆ ಮುಂದೆ ಅಂಕಿಗಳು.

"ಆದ್ರೂ ಅಕ್ಕ," ಅವನು ಸುಲಭಕ್ಕೆ ಸೋಲುವವನಲ್ಲ, "ಕೆಟ್ಟದ್ದಾಗಿದ್ರೆ ಸರ್ವರೇ ಬಿಸಾಕ್ತಿತ್ತಲ್ಲ. ನೀನೇ ಅಣ್ಣನ ಹತ್ರ ಜಂಬ ಕೊಚ್ಚಿಕೊಳ್ತಿದ್ದೆ, ಒಂದು ಸೊಳ್ಳೆಯನ್ನೂ ಒಳಗೆ ಬಿಡಲ್ಲ ಅಂತ."

"ಜಂಬವೇ ಸರಿ. ಕೇಳು. ಮೇಲ್ ಅನ್ನೋದು ಅವರ ಕಂಪ್ಯೂಟರಿಂದ ನಿನ್ನ ಕಂಪ್ಯೂಟರಿಗೆ ನೇರ ಹಾರಿ ಬರಲ್ಲ. ಅವರ ಸರ್ವರಿಂದ ನಿಮ್ಮ ಅಂಚೆಪೆಟ್ಟಿಗೆ ಇರೋ ಸರ್ವರಿಗೆ ಬರುತ್ತೆ. ಸರ್ವರ್ ಅಂದ್ರೆ ಕಾರ್ಖಾನೆ ಗೇಟಿನ ಕಾವಲುಗಾರ ಅಂದ್ಕೋ. ಎಲ್ಲಿಂದ ಬಂದೆ ಅಂತ ಕೇಳ್ತಾನೆ. ಜೊತೆಗೆ ತಂದ ಚೀಲ ಬಿಚ್ಚಿ ನೋಡ್ತಾನೆ. ಆ ಚೀಲವೇ ಲಗತ್ತು. ತೀರಾ ದೊಡ್ಡದಾದ್ರೆ ವಾಪಸ್ ಕಳಿಸ್ತಾನೆ. ಒಳಗೆ ಗೊತ್ತಿರೋ ವೈರಸ್ ಸಿಕ್ಕಿದ್ರೆ ಕಿತ್ತು ಎಸೀತಾನೆ."

"ಮತ್ತೆ? ಇದನ್ನ ಬಿಟ್ಟಿದ್ದಾನಲ್ಲ."

"ಚೀಲಕ್ಕೆ ಬೀಗ ಹಾಕಿದ್ರೆ ಏನು ನೋಡ್ತಾನೆ? ನಮ್ಮ ಕಾಲೇಜಲ್ಲಿ ಬೀಗದ ಚೀಲವನ್ನ ಗೇಟಲ್ಲೇ ತಡೀತೀವಿ. ಎಲ್ಲ ಕಡೆ ಹಾಗಿಲ್ಲ. ಪಾಸ್‌ವರ್ಡ್ ಅದೇ ಮೇಲಲ್ಲಿ ಬರ್ದಿದ್ದಾರೆ ಅಂದ್ಯಲ್ಲ, ಯೋಚನೆ ಮಾಡು. ಬೀಗ ಹಾಕಿ ಬೀಗದಕೈಯನ್ನೂ ಬಾಗಿಲಿಗೇ ನೇತುಹಾಕಿದ್ರೆ ಆ ಬೀಗ ಕಳ್ಳರಿಗೋ, ಕಾವಲುಗಾರನಿಗೋ?"

ಮೈದುನ ಕೀಲಿಮಣೆಯನ್ನು ಹಿಂದಕ್ಕೆ ತಳ್ಳಿದ.

"ಹೋದ ವರ್ಷ ನಮ್ಮ ಕಾಲೇಜಿನ ಎದುರಿಗಿರೋ, ಮನೆಗಳ ನಕ್ಷೆ ಬಿಡಿಸೋರೊಬ್ಬರು ಹೀಗೇ ತೆರೆದ್ರು. ಅವರ ಕಣ್ಣೆದುರೇ ಒಂದೊಂದು ಫೈಲೂ ಹೆಸರು ಬದಲಾಯಿಸಿಕೊಂಡು ತನಗೆ ತಾನೇ ಬೀಗ ಹಾಕ್ಕೊಂಡ್ಬಿಡ್ತು. ನಾನೇ ಹೋಗಿ ನೋಡ್ದೆ. ಏನೂ ಮಾಡೋಕಾಗ್ಲಿಲ್ಲ. ಜೀವಮಾನದ ಕೆಲಸ. ಆಮೇಲೆ ಬಂತು ಬೆದರಿಕೆ, ದುಡ್ಡು ಕೊಟ್ರೆ ಬಿಡಿಸ್ತೀವಿ ಅಂತ."

"ನಮ್ಮ ಮನೇಲಿ ಸಾವಾಗಿದೆ ಅಂತ ಈ ಹಾಳಾದೋರಿಗೆ ಹೇಗಮ್ಮ ಗೊತ್ತಾಯ್ತು?" ಎಂದರು ಅತ್ತೆ.

ಮೈದುನ ತಲೆ ತಗ್ಗಿಸಿದ. "ಪೇಪರಿನಲ್ಲಿ ಶ್ರದ್ಧಾಂಜಲಿ ಹಾಕಿಸಿದ್ನಲ್ಲಮ್ಮ. ಕೆಳಗೆ ಸ್ಟುಡಿಯೋ ಮೇಲ್ ವಿಳಾಸ ಕೊಟ್ಟಿದ್ದೆ."

ಪರದೆಯ ಮೂಲೆಯಲ್ಲಿ ಅವನು ಸ್ವಲ್ಪ ಮುಂಚೆ ಹುಡುಕುತ್ತಿದ್ದ ಫೋಲ್ಡರು ಇನ್ನೂ ತೆರೆದಿತ್ತು. ಸಾಲು ಸಾಲಾಗಿ ಸಣ್ಣ ಸಣ್ಣ ಚೌಕಗಳು. ಪ್ರತಿ ಚೌಕದಲ್ಲೂ ಬೂದು ಕಾರ್ಡು ಹಿಡಿದ ಒಬ್ಬನೇ ಮನುಷ್ಯ. ಸೊಸೆ ಆ ಚೌಕಗಳನ್ನೇ ನೋಡಿದಳು. ಅವಳೇ ಹೂಂ ಅಂದಿದ್ದಳು. ಇನ್ನು ನಾಲ್ಕು ಅಕ್ಷರ ಒತ್ತಿ ಒಳಗಿನದನ್ನು ತೆರೆದಿದ್ದರೆ ಚಿತ್ರಗಳಲ್ಲಿ ಉಳಿದಿದ್ದ ಇವನೂ ಹೋಗುತ್ತಿದ್ದ. ಅಷ್ಟು ದಿನದಲ್ಲಿ ಮೊದಲ ಸಲ ಅವಳಿಗೆ ಭಯವಾಯಿತು. ಭಯವಾಯಿತಲ್ಲ ಎಂದು ಅವಳಿಗೇ ಆಶ್ಚರ್ಯ.

"ಅಳಿಸು ಅದನ್ನ," ಎಂದಳು. ದನಿ ಗಟ್ಟಿಯಾಗಿತ್ತು. ಅತ್ತೆ ತಿರುಗಿ ನೋಡಿದರು.

ಅಳಿಸುವ ಮೊದಲು ಮೈದುನ ಕೊನೆಯ ವಾದ ಹೂಡಿದ. "ಆದ್ರೆ ಸಹಿ, ಸೀಲು? ಅದು ಎಷ್ಟು ನೀಟಾಗಿದೆ ನೋಡಿ."

ಅಂಚೆಯಕ್ಕ ಅವನನ್ನೇ ದಿಟ್ಟಿಸಿದಳು. "ಅಂಥದ್ದೊಂದು ಮಾಡಿ ತೋರ್ಸು ಅಂದ್ರೆ ನಿನಗೆ ಎಷ್ಟು ಹೊತ್ತು ಬೇಕು?"

"ಇದಾ? ಚಹಾ ಆರೋದ್ರೊಳಗೆ..." ಎಂದವನು ಅಲ್ಲಿಗೇ ನಿಂತ. ತನ್ನ ಕೈಯನ್ನು ತಾನೇ ನೋಡಿಕೊಂಡ. ಮಚ್ಚೆ ಮಾಯಮಾಡುವ ಕೈಗೆ ಸೀಲು ಹುಟ್ಟಿಸುವುದು ಎಷ್ಟರ ಕೆಲಸ? "ಅಯ್ಯೋ. ನಾನೇ ಮಾಡ್ತೀನಲ್ಲಕ್ಕಾ."

"ನೀನು ಮಾಡೋ ಹಾಗೆ ಅವನೂ ಮಾಡಿದ್ದಾನೆ. ಅದು ಸಹಿಯ ಫೋಟೋ. ಡಿಜಿಟಲ್ ಸಹಿ ಅಲ್ಲ."

ಹಾಗಾದರೆ ನಿಜವಾದ ಪ್ರಮಾಣಪತ್ರ ಎಲ್ಲಿ? ನೋಂದಣಿ ಕಚೇರಿಯ ಕೌಂಟರಿನಲ್ಲಿ ಮೇಲ್ ವಿಳಾಸವನ್ನು ಅಕ್ಷರ ಅಕ್ಷರವಾಗಿ ಬರೆಸಿಕೊಂಡದ್ದು ಸೊಸೆಗೆ ನೆನಪಿತ್ತು. ಅವಳೇ ಮೌಸ್ ತೆಗೆದುಕೊಂಡು, ಸರ್ವರ್ ಅನುಮಾನದಿಂದ ಪಕ್ಕಕ್ಕಿಡುವ ಸ್ಪ್ಯಾಮ್ ಫೋಲ್ಡರು ತೆರೆದಳು. ಅಲ್ಲಿತ್ತು. ಸಂತಾಪವಿಲ್ಲ, ಸೀಲಿಲ್ಲ, ಒಂದೇ ಸಾಲಿನ ಬೋಳು ಮೇಲ್. ಕಳಿಸಿದವರ ವಿಳಾಸ ಕಚೇರಿಯದೇ.

"ಕಚೇರಿಯೋರು ಒಂದೇ ಥರದ ಮೇಲ್ ನೂರಾರು ಜನಕ್ಕೆ ಒಟ್ಟಿಗೆ ಕಳಿಸ್ತಾರೆ," ಎಂದಳು ಅಂಚೆಯಕ್ಕ. "ಕೆಲವು ಸಲ ಸರ್ವರ್ ಅದನ್ನೂ ಅನುಮಾನಿಸುತ್ತೆ. ಕಾವಲುಗಾರನೂ ತಪ್ಪು ಮಾಡ್ತಾನೆ. ಕಳ್ಳನನ್ನ ಬಿಡ್ತಾನೆ, ನೆಂಟರನ್ನ ಹೊರಗೆ ನಿಲ್ಲಿಸ್ತಾನೆ. ಕೊನೇ ನೋಟ ನಮ್ಮದೇ."

ಅಂಚೆಯಕ್ಕ ಅತ್ತೆಯ ಜೊತೆ ಮೇಲೆ ಹೋದಳು. ಅತ್ತೆಗೆ ಮಗನ ಮಾತಾಡಲು ಒಬ್ಬರು ಬೇಕಿತ್ತು. ಸೊಸೆ ಬಾಗಿಲಲ್ಲಿ ನಿಂತು ಬೀದಿ ನೋಡಿದಳು. ಅವಳೂ ಅಂಚೆಯಕ್ಕನೂ ಕಂಪ್ಯೂಟರಿನ ಬಳಿ ಮರಳಿ ಬರುವಷ್ಟರಲ್ಲಿ ಮೈದುನ ತನ್ನ ಕೆಲಸ ಮಾಡಿ ಮುಗಿಸಿದ್ದ.

ಪ್ರಮಾಣಪತ್ರದ ಕೆಳಗೆ, ಅಧಿಕಾರಿಯ ಹೆಸರಿನ ಮೇಲೆ, ಹಳದಿ ಬಣ್ಣದ ದೊಡ್ಡ ಪ್ರಶ್ನೆ ಚಿಹ್ನೆ ಇತ್ತು. 'ಸಹಿಯ ಸತ್ಯತೆ ತಿಳಿದಿಲ್ಲ' ಎಂಬ ಮಾತು ಬೇರೆ. ಅವನಿಗೆ ಅದು ಅಣ್ಣನ ಹೆಸರಿನ ಮೇಲೆ ಬಿದ್ದ ಕಲೆಯಂತೆ ಕಂಡಿತ್ತು. ಫೋಟೋ ತಿದ್ದುವ ತಂತ್ರಾಂಶದಲ್ಲಿ ತೆರೆದು, ಚಿಹ್ನೆಯನ್ನು ಅಳಿಸಿ, ಕಾಗದವನ್ನು ಬೆಳ್ಳಗೆ ಮಾಡಿ, ಮಾಸಲು ಅಕ್ಷರಗಳನ್ನು ಕಪ್ಪಗೆ ಮಾಡಿದ್ದ.

"ನೋಡಿ ಅತ್ತಿಗೆ. ಆ ಚಿಹ್ನೆ ಇಟ್ಕೊಂಡು ಹೋದ್ರೆ ಪರವಾನಗಿಯೋರು ಏನಂದ್ಕೋತಾರೆ? ಅಣ್ಣನ ಪತ್ರ, ಚೊಕ್ಕಟವಾಗಿರ್ಲಿ."

ಅಂಚೆಯಕ್ಕ ಕಣ್ಣು ಮುಚ್ಚಿದಳು. ಬೈಯಲಿಲ್ಲ. "ಎರಡನ್ನೂ ತೆರಿ. ಮೇಲಲ್ಲಿ ಬಂದದ್ದು, ನೀನು ತಿದ್ದಿದ್ದು."

ಮೇಲಿನಲ್ಲಿ ಬಂದದ್ದರ ಪ್ರಶ್ನೆ ಚಿಹ್ನೆಯನ್ನು ಒತ್ತಿದಾಗ ಒಂದು ಸಣ್ಣ ಕಿಟಕಿ ತೆರೆಯಿತು. ಸಹಿ ಮಾಡಿದವರ ಹೆಸರು, ಕಚೇರಿ, ಸಹಿ ಮಾಡಿದ ದಿನ, ಸಹಿಯ ಕ್ರಮಸಂಖ್ಯೆ. ಸಹಿಯಾದ ಮೇಲೆ ಪತ್ರ ಬದಲಾಗಿಲ್ಲ ಎಂಬ ಸಾಲು. ಸಹಿ ಮಾಡಿದವರ ಪರಿಚಯ ಈ ಕಂಪ್ಯೂಟರಿಗೆ ಇಲ್ಲ ಎಂಬ ಇನ್ನೊಂದು ಸಾಲು.

"ಪ್ರಶ್ನೆ ಚಿಹ್ನೆ ಅಂದ್ರೆ ಸುಳ್ಳು ಅಂತಲ್ಲ. 'ಇವರು ಯಾರೋ ನನಗೆ ಗೊತ್ತಿಲ್ಲ, ನೀವೇ ವಿಚಾರಿಸಿ' ಅಂತ ಕಂಪ್ಯೂಟರ್ ಕೇಳ್ತಿದೆ. ವಿಚಾರಿಸೋಣ. ಮೇಲಲ್ಲಿರೋ ನಂಬರಿಗಲ್ಲ, ಅರ್ಜಿ ಕೊಟ್ಟಾಗ ಚೀಟಿ ಕೊಟ್ಟಿದ್ರಲ್ಲ, ಅದರಲ್ಲಿರೋ ನಂಬರಿಗೆ."

ಸೊಸೆಯೇ ಫೋನು ಮಾಡಿದಳು. ಗಂಡನ ಹೆಸರನ್ನು ಅವಳು ಗಟ್ಟಿಯಾಗಿ ಹೇಳಬೇಕಾಯಿತು. ಹೇಳಿದಳು. ಹೌದು, ಕಳಿಸಿದ್ದೇವೆ ಎಂದರು ಆ ಕಡೆಯವರು. ಸಹಿ ಮಾಡಿದ ಅಧಿಕಾರಿಯ ಹೆಸರೂ, ಸಹಿಯ ಕ್ರಮಸಂಖ್ಯೆಯೂ ಹೊಂದಿದವು. ಅಂಚೆಯಕ್ಕ ಆ ಸಹಿಯನ್ನು ಕಂಪ್ಯೂಟರಿಗೆ ಪರಿಚಯಿಸಿದಳು. ಹಳದಿ ಹೋಗಿ ಹಸಿರು ಗುರುತು ಬಂತು.

ಮೈದುನ ತಿದ್ದಿದ ಪ್ರತಿಯಲ್ಲಿ ಒತ್ತಲು ಏನೂ ಇರಲಿಲ್ಲ. ಕಿಟಕಿ ಇಲ್ಲ, ಹೆಸರಿಲ್ಲ. ಬೆಳ್ಳಗಿನ ಚಿತ್ರ, ಅಷ್ಟೆ.

"ಸಹಿ ಎಲ್ಲಿ ಹೋಯ್ತು?" ಎಂದ ಅವನು.

"ಡಿಜಿಟಲ್ ಸಹಿ ಕಾಗದದ ಕೆಳಗೆ ಕೂರೋ ಗೀಚಲ್ಲ ಕಣೋ. ಪತ್ರದ ಒಂದೊಂದು ಅಕ್ಷರ, ಒಂದೊಂದು ಚುಕ್ಕೆ ಸೇರಿಸಿ ಕಂಪ್ಯೂಟರ್ ಒಂದು ಗುರುತು ತೆಗೆಯುತ್ತೆ. ನಮ್ಮ ಬೆರಳಚ್ಚಿನ ಹಾಗೆ. ಅದನ್ನ ಅಧಿಕಾರಿ ತನ್ನ ಹತ್ರ ಮಾತ್ರ ಇರೋ ಬೀಗದಕೈಯಿಂದ ಮುದ್ರೆ ಮಾಡ್ತಾರೆ. ಪರೀಕ್ಷೆ ಮಾಡೋ ಬೀಗದಕೈ ಎಲ್ಲರಿಗೂ ಸಿಗುತ್ತೆ, ಮುದ್ರೆ ಒತ್ತೋದು ಮಾತ್ರ ಅವರೊಬ್ಬರಿಂದ್ಲೇ ಸಾಧ್ಯ. ಆಮೇಲೆ ಒಂದು ಅಲ್ಪವಿರಾಮ ಬದಲಾದ್ರೂ ಬೆರಳಚ್ಚು ಹೊಂದಲ್ಲ. ನೀನಂತೂ ಇಡೀ ಪತ್ರವನ್ನೇ ಫೋಟೋ ಮಾಡ್ಬಿಟ್ಟೆ. ಸಹಿ ಸತ್ತೇ..."

ಅಂಚೆಯಕ್ಕ ನಾಲಿಗೆ ಕಚ್ಚಿಕೊಂಡಳು.

"ಹೇಳಿ ಅಕ್ಕ," ಎಂದಳು ಸೊಸೆ. "ಆ ಶಬ್ದವನ್ನ ಎಷ್ಟು ದಿನ ನುಂಗ್ಕೊಂಡಿರೋದು?"

"ಸತ್ತುಹೋಯ್ತು," ಎಂದಳು ಅವಳು ಮೆಲ್ಲನೆ. "ಪುಣ್ಯಕ್ಕೆ ಮೂಲ ಮೇಲಲ್ಲೇ ಇದೆ. ಅದನ್ನೇ ಹಾಗೇ ಕಳಿಸ್ಬೇಕು. ಮುದ್ರಿಸಿ, ಸ್ಕ್ಯಾನ್ ಮಾಡಿ, ಬೆಳ್ಳಗೆ ಮಾಡಿ ಅಲ್ಲ."

ಮೈದುನನ ಕಣ್ಣು ತುಂಬಿತ್ತು. "ಚಂದ ಕಾಣ್ಲಿ ಅಂತ ಮಾಡ್ದೆ ಅಕ್ಕ."

"ನಿಮ್ಮಣ್ಣ ಪ್ರತಿ ಸಲ ಬೂದು ಕಾರ್ಡು ಹಿಡ್ಕೊಂಡು ನಿಲ್ತಿದ್ನಲ್ಲ, ಚಂದ ಕಾಣೋಕಾ?"

"ಅಲ್ಲ. ಬಣ್ಣ ನಿಜವೋ ಅಂತ ಗೊತ್ತಾಗೋಕೆ."

"ಆ ಕಾರ್ಡಿಗೇ ನೀನು ಗುಲಾಬಿ ಬಣ್ಣ ಬಳಿದ್ರೆ?"

ಅವನಿಗೆ ಅರ್ಥವಾಯಿತು. ತಿದ್ದಿದ ಪ್ರತಿಯನ್ನು ತಾನೇ ಅಳಿಸಿದ. ಮೂಲವನ್ನು ಮುಟ್ಟದೆ ಪರವಾನಗಿ ವಿಭಾಗಕ್ಕೆ ಕಳಿಸಿದ. ಬೀಗ ಹಾಕಿ ಬಂದಿದ್ದ ಆ ಕಳ್ಳ ಮೇಲ್ ಅನ್ನೂ ಅಳಿಸಿದ. ಅಂದೇ ಹೋಗಿ ಬೇರೆ ಡಿಸ್ಕು ತಂದು ಚಿತ್ರಗಳಿಗೆಲ್ಲ ಇನ್ನೊಂದು ಪ್ರತಿ ಮಾಡಿಟ್ಟ. ಕೆಲವು ದಿನಗಳಲ್ಲಿ ಪರವಾನಗಿ ಸೊಸೆಯ ಹೆಸರಿಗೆ ಬಂತು. ಅದನ್ನೂ ಅವಳು ಸಹಿಯ ಗುರುತು ಒತ್ತಿ, ಕಿಟಕಿ ತೆರೆದು, ಎರಡು ಸಲ ಓದಿಯೇ ನಂಬಿದಳು.

ಗೋಡೆಗೆ ಹಾಕುವ ಚಿತ್ರವನ್ನು ಅತ್ತೆ ಆರಿಸಿದರು. ಕಾರ್ಡು ಹಿಡಿದು, ಇನ್ನೇನು ನಗಬೇಕು ಎಂಬಂತಿದ್ದ ಮುಖ.

"ಕಾರ್ಡು ತೆಗೆದುಬಿಡ್ಲಾ ಅಮ್ಮ? ಕೆನ್ನೆ ಮೇಲೆ ಒಂದು ಗಾಯದ ಗುರುತೂ ಇದೆ," ಎಂದ ಮೈದುನ.

"ಏನೂ ಮುಟ್ಬೇಡ," ಎಂದರು ಅತ್ತೆ. "ಗಾಯ ನನ್ನ ಮಗನದು. ಇರ್ಲಿ."

ಓದುತ್ತಿರುವ ಅಕ್ಕ, ತಂಗಿ, ಅಣ್ಣ, ತಮ್ಮಂದಿರೇ, ಇಂಥ ಮೇಲ್ ನಿಮ್ಮ ಮನೆಗೂ ಬರಬಹುದು. ಸಾವಿನ ಮನೆಗೆ ಬರುತ್ತದೆ, ಕೆಲಸ ಹುಡುಕುವವರಿಗೆ ಬರುತ್ತದೆ, ಮಕ್ಕಳ ಫಲಿತಾಂಶಕ್ಕೆ ಕಾಯುವವರಿಗೆ ಬರುತ್ತದೆ. ಮನಸ್ಸು ಎಲ್ಲೋ ಇರುವಾಗಲೇ ಬರುತ್ತದೆ. ದುಃಖದಲ್ಲಿದ್ದಾಗ ಲಗತ್ತು ತೆರೆಯಬೇಡಿ, ಪಕ್ಕದವರನ್ನು ಕರೆಯಿರಿ. ಹೆಸರು ನೋಡಿ ನಂಬಬೇಡಿ, ಪೂರ್ತಿ ವಿಳಾಸ ಓದಿ. ಬೀಗ ಮತ್ತು ಬೀಗದಕೈ ಒಟ್ಟಿಗೆ ಬಂದರೆ ದೂರವಿಡಿ. ಸೀಲಿನ ಚಿತ್ರ ಯಾರು ಬೇಕಾದರೂ ಮಾಡುತ್ತಾರೆ, ಸಹಿಯ ಗುರುತನ್ನು ಒತ್ತಿ ಒಳಗೆ ನೋಡಿ. ಅನುಮಾನ ಬಂದರೆ ನಿಮ್ಮ ಬಳಿ ಮೊದಲೇ ಇರುವ ನಂಬರಿಗೆ ಫೋನು ಮಾಡಿ. ಸಹಿಯಾದ ಪತ್ರವನ್ನು ಬಂದ ಹಾಗೆಯೇ ಇಟ್ಟುಕೊಳ್ಳಿ, ಬಂದ ಹಾಗೆಯೇ ಕಳಿಸಿ. ನಿಮ್ಮವರ ಚಿತ್ರಗಳಿಗೆ ಇವತ್ತೇ ಇನ್ನೊಂದು ಪ್ರತಿ ಮಾಡಿ. ಕಳೆದುಹೋದ ಮೇಲೆ ಮತ್ತೆ ತೆಗೆಯಲು ಅವರು ಇರುವುದಿಲ್ಲ.

ಹೇಳಬೇಕಾದದ್ದು ಇನ್ನೊಂದಿದೆ. ಆ ಬೂದು ಕಾರ್ಡು ಸೊಸೆಯ ಗಂಡನದಾಗಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅಂಚೆಯಕ್ಕನಿಂದ ಒಂದು ದಿನದ ಕೆಲಸಕ್ಕೆಂದು ತಂದದ್ದು. ಕೇಳಿದಾಗಲೆಲ್ಲ "ನಾಳೆ ಕೊಡ್ತೀನಿ" ಅನ್ನುತ್ತಿದ್ದ. ಅವಳು ಬೈಯುತ್ತಿದ್ದಳು, ಇವನು ನಗುತ್ತಿದ್ದ.

ಸ್ಟುಡಿಯೋ ಬಾಗಿಲು ತೆರೆಯುವ ಹಿಂದಿನ ದಿನ ಸೊಸೆ ಅದನ್ನು ಚೀಲದಲ್ಲಿ ಹಾಕಿಕೊಂಡು ಕಾಲೇಜಿಗೆ ಹೋದಳು. ಸರ್ವರ್ ಕೋಣೆ ತಣ್ಣಗಿತ್ತು. ಕಪ್ಪು ಬೀರುಗಳ ಸಾಲು ಒಂದೇ ಸಮನೆ ಗುಂಯ್ಗುಡುತ್ತಿತ್ತು. ಸಣ್ಣ ಹಸಿರು ದೀಪಗಳು ಮಿನುಗುತ್ತಿದ್ದವು. ಯಾರದೋ ಅಂಚೆ ಯಾರಿಗೋ ಹೋಗುತ್ತಿತ್ತು.

"ಇಟ್ಕೊಳ್ಳಮ್ಮ," ಎಂದಳು ಅಂಚೆಯಕ್ಕ. "ನನ್ನ ಹತ್ರ ಬೇರೆ ಇದೆ."

"ಇಲ್ಲ ಅಕ್ಕ. ನಾನು ಹೊಸದು ತಂದಿದ್ದೀನಿ. ಅವರು ನಾಳೆ ಕೊಡ್ತೀನಿ ಅಂದಿದ್ರಲ್ಲ."

ಕಾರ್ಡಿನ ಎಡ ಅಂಚಿನಲ್ಲಿ ಅವನ ಹೆಬ್ಬೆರಳು ಹಿಡಿದೂ ಹಿಡಿದೂ ಬಣ್ಣ ಸವೆದು ಬೆಳ್ಳಗಾಗಿತ್ತು. ಸೊಸೆ ಅದನ್ನು ಎರಡೂ ಕೈಯಿಂದ ಚಾಚಿದಳು. ಅಂಚೆಯಕ್ಕ ಆ ಬಿಳಿ ಗುರುತನ್ನು ಮುಟ್ಟದೆ, ಇನ್ನೊಂದು ಅಂಚನ್ನು ಹಿಡಿದು ತೆಗೆದುಕೊಂಡಳು.